ಒಂದು ಮಾಮೂಲು ದಿನ

"ಮುಂದಿನ ವಾರ ನಿಮ್ಮ ಯಾವುದಾದರೂ ಒಂದು ಮಾಮೂಲು ದಿನ ನೋಡಿಕೊಂಡು ಬನ್ನಿ" ಎಂದು ಡಾಕ್ಟರಮ್ಮ ಹೇಳಿದ್ದು ಅತ್ತಿಗೆಯ ಕಿವಿಗೇನೋ ಬಿದ್ದಿತ್ತು. ಆದರೆ ಆಸ್ಪತ್ರೆಗೆ ಹೊರಡುವಾಗ ಪೆಟ್ಟಿಗೆಯ ತಳದಿಂದ ಒಳ್ಳೆಯ ಬಟ್ಟೆ ತೆಗೆದು ಹಾಕಿಕೊಂಡು, ಎರಡು ಸಲ ತಲೆ ಬಾಚಿಕೊಂಡು ಹೋಗುವ ಹೆಂಗಸು, ಎದೆಯನ್ನೇ ತೋರಿಸಬೇಕಾಗಿ ಬಂದಾಗ ಮಾತ್ರ ಮಾಮೂಲಾಗಿ ಹೇಗೆ ಹೋದಾಳು?

ಅವಳನ್ನು ಇಡೀ ಲಾಂಡ್ರಿ ಅತ್ತಿಗೆ ಎಂದೇ ಕರೆಯುತ್ತಿತ್ತು. ಹಾಗೆ ಕರೆಯುವ ಹಕ್ಕಿದ್ದದ್ದು ಅಲ್ಲೇ ಕೆಲಸಕ್ಕಿದ್ದ ಅವಳ ಗಂಡನ ತಂಗಿಗೆ ಮಾತ್ರ. ನಾದಿನಿ ಯಂತ್ರಗಳ ಸದ್ದನ್ನೂ ಮೀರಿಸಿ "ಅತ್ತಿಗೇ" ಎಂದು ಕೂಗೀ ಕೂಗೀ ಅದು ಎಲ್ಲರ ನಾಲಿಗೆಗೂ ಅಂಟಿಕೊಂಡಿತು. ಅವಳಿಗಿಂತ ಎಷ್ಟೋ ದೊಡ್ಡವನಾದ ಬಾಯ್ಲರಿನ ಮುದುಕನೂ ಈಗ ಅತ್ತಿಗೆ ಎನ್ನುತ್ತಿದ್ದ. "ಅಲ್ಲಯ್ಯಾ, ನಾನು ನಿನಗೆ ಯಾವ ಕಡೆಯಿಂದ ಅತ್ತಿಗೆ?" ಎಂದು ಕೇಳಿದರೆ, "ಇಸ್ತ್ರಿ ಕಡೆಯಿಂದ" ಎನ್ನುತ್ತಿದ್ದ.

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದು ಕೊಡುವ ದೊಡ್ಡ ಲಾಂಡ್ರಿ ಅದು. ಒದ್ದೆ ಹಾಸಿಗೆ ಬಟ್ಟೆಯ ಎರಡು ಮೂಲೆಯನ್ನು ಇಬ್ಬರು ಹಿಡಿದು, ಒಂದು ಸಲ ಫಟ್ಟನೆ ಕೊಡವಿ, ಉಗಿಯಿಂದ ಕಾದ ಉರುಳೆಗಳ ಬಾಯಿಗೆ ಕೊಡಬೇಕು. ಆಚೆ ಬದಿಯಲ್ಲಿ ಒಂದು ಸುಕ್ಕಿಲ್ಲದೆ ಬಿಸಿಬಿಸಿಯಾಗಿ ಹೊರಬಂದದ್ದನ್ನು ಮತ್ತಿಬ್ಬರು ಮಡಿಸಬೇಕು. ರೋಗಿಗಳು ಹಗಲು ರಾತ್ರಿ ನೋಡಿ ಹಾಸಿಗೆ ಕೊಳೆ ಮಾಡುವುದಿಲ್ಲವಾದ್ದರಿಂದ ಉರುಳೆಗಳಿಗೂ ಹಗಲು ರಾತ್ರಿಯ ಭೇದವಿಲ್ಲ. ಬೆಳಗಿನ ಶಿಫ್ಟು, ಮಧ್ಯಾಹ್ನದ ಶಿಫ್ಟು, ರಾತ್ರಿಯದು. ಎಲ್ಲರಿಗೂ ಮೂರೂ ಸರದಿಯ ಮೇಲೆ ಬರುತ್ತವೆ ಎಂಬುದು ಕಂಪನಿಯ ಲೆಕ್ಕ. ಹೆಂಗಸರ ಲೆಕ್ಕವೇ ಬೇರೆ. ಒಬ್ಬಳ ಮಗುವಿಗೆ ಜ್ವರ, ಇನ್ನೊಬ್ಬಳ ಗಂಡನಿಗೆ ಸಂಶಯ, ಮತ್ತೊಬ್ಬಳ ಮನೆಗೆ ಅಕ್ಕ ಬಂದಿದ್ದಾಳೆ. "ಅತ್ತಿಗೇ, ಇವತ್ತೊಂದು ನನ್ನ ನೈಟು ನೀವು ನೋಡ್ಕೊಳ್ತೀರಾ? ನಿಮ್ಮ ಮಧ್ಯಾಹ್ನದ್ದು ನಾನು ಮಾಡ್ತೀನಿ." ಅತ್ತಿಗೆ ಹೂಂ ಎನ್ನುತ್ತಿದ್ದಳು. ನಾದಿನಿಯಂತೂ ಕೇಳಲೇಬೇಕಾಗಿರಲಿಲ್ಲ. ಅವಳ ನೈಟುಗಳೆಲ್ಲ ತಾವಾಗಿಯೇ ಅತ್ತಿಗೆಯ ಪಾಲಿಗೆ ಬರುತ್ತಿದ್ದವು.

ಅದಕ್ಕೆ ಕಾರಣವಿತ್ತು. ನಾದಿನಿ ಇನ್ನೂ ಶಾಲೆಗೆ ಸೇರದ ಮಗಳು ಪುಟ್ಟಿಯ ಜೊತೆ ಒಬ್ಬಳೇ ಇದ್ದಳು. ಗಂಡ ಬಿಟ್ಟುಹೋದ ದಿನ ಅಳುತ್ತಾ ತವರಿಗೆ ಬಂದವಳಿಗೆ ತಾಯಿ, "ನಾನು ಆಗಲೇ ಹೇಳಿದ್ದೆ" ಎಂದಿದ್ದಳು. ಅಷ್ಟೇ ಮಾತು. ನಾದಿನಿ ಬಂದ ಕಾಲಲ್ಲೇ ತಿರುಗಿ ಹೋಗಿ ಎರಡು ಬೀದಿ ಆಚೆ ಕೋಣೆ ಹಿಡಿದಳು. ಅಲ್ಲಿಂದೀಚೆಗೆ ತಾಯಿಗೂ ಮಗಳಿಗೂ ಮಾತಿಲ್ಲ. ಇಬ್ಬರ ನಡುವೆ ಓಡಾಡುವ ದಾರಿಯೆಂದರೆ ಅತ್ತಿಗೆ. "ಪುಟ್ಟಿಗೆ ಕೆಮ್ಮಂತೆ, ಈ ಕಷಾಯ ಕೊಡಲಿ, ನಾನು ಕೊಟ್ಟೆ ಅಂತ ಹೇಳಬೇಡ" ಎಂದು ತಾಯಿ. "ಅಮ್ಮನ ಮಂಡಿನೋವು ಹೇಗಿದೆ? ನಾನು ಕೇಳಿದೆ ಅಂತ ಹೇಳಬೇಡಿ" ಎಂದು ಮಗಳು. ಹೇಳಬಾರದ್ದನ್ನೆಲ್ಲ ಎದೆಯಲ್ಲಿಟ್ಟುಕೊಂಡು ಓಡಾಡಿದ್ದೇ ಅತ್ತಿಗೆಯ ಇನ್ನೊಂದು ಶಿಫ್ಟಾಗಿತ್ತು.

ಕೆಲವು ತಿಂಗಳಿಂದ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೆ ನಿದ್ದೆಯ ಬದಲು ಎದೆಬಡಿತ ಬರುತ್ತಿತ್ತು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದರೂ, ಮಹಡಿಯವರು ಕುರ್ಚಿ ಎಳೆದ ಸದ್ದು ನೇರ ನೆತ್ತಿಗೇ ಬರುತ್ತಿತ್ತು. ಕಣ್ಣು ಮುಚ್ಚಿದರೆ ಒಳಗೊಂದು ಉರುಳೆ ತಿರುಗುತ್ತಲೇ ಇದೆ. ಡಾಕ್ಟರಮ್ಮ ನೋಡಿ, ಬಿ.ಪಿ. ಹೆಚ್ಚಿದೆ, ಆದರೆ ಕುರ್ಚಿಯ ಮೇಲೆ ಕೂರಿಸಿ ಒಂದು ಸಲ ನೋಡಿದರೆ ಪೂರ್ತಿ ತಿಳಿಯುವುದಿಲ್ಲ ಎಂದರು. ಒಂದು ಯಂತ್ರವಿದೆ. ತೋಳಿಗೆ ಪಟ್ಟಿ, ಸೊಂಟಕ್ಕೆ ಪೆಟ್ಟಿಗೆ. ಒಂದು ಹಗಲು ಒಂದು ರಾತ್ರಿ ಮೈಮೇಲಿದ್ದು ಆಗಾಗ ತಾನೇ ಗಾಳಿ ತುಂಬಿಕೊಂಡು ಬಿ.ಪಿ. ಅಳೆಯುತ್ತದೆ. ಪಟ್ಟಿ ಬಿಗಿದಾಗ ಕೈ ಅಲ್ಲಾಡಿಸಬಾರದು, ಅಷ್ಟೇ. "ಮಾಮೂಲು ದಿನ" ಎಂದು ಅವರು ಮತ್ತೊಮ್ಮೆ ಹೇಳಿ ಕಳಿಸಿದರು.

ಅತ್ತಿಗೆ ಆ ದಿನಕ್ಕೆ ತಯಾರಾದದ್ದು, ಬೀಗರು ಬರುವ ಮನೆ ತಯಾರಾದ ಹಾಗೆ. ಅದರ ಹಿಂದಿನ ಎರಡು ರಾತ್ರಿ ರಜೆ ಹಾಕಿ ಕಣ್ತುಂಬ ನಿದ್ದೆ ಮಾಡಿದಳು. ಬೆಳಗಿನ ಶಿಫ್ಟು ಹಾಕಿಸಿಕೊಂಡಳು. ಮನೆಯಲ್ಲಿ ಅವಳ ಅತ್ತೆ, ಕಟ್ಟಡದವರೆಲ್ಲ ಅಜ್ಜಿ ಎನ್ನುವ ಆ ಮುದುಕಿ, ದಂಡನಾಯಕಿಯ ಹಾಗೆ ಆಳ್ವಿಕೆಗೆ ನಿಂತಳು. ಬಸ್ಸು ಓಡಿಸುವ ಮಗ ಡ್ಯೂಟಿ ಮುಗಿಸಿ ಬಂದು ಎಂದಿನಂತೆ ಚಪ್ಪಲಿ ಎಸೆದರೆ, "ಮೆಲ್ಲಗೆ ಬಿಡೋ! ಅವಳ ಕೈಗೆ ಮಿಷನ್ ಕಟ್ಟಿದ್ದಾರೆ, ನಿನ್ನ ಚಪ್ಪಲಿ ಸದ್ದೂ ಅದರಲ್ಲಿ ಬರೆದುಹೋಗುತ್ತೆ!" ಎಂದು ಗದರಿದಳು. ಅವನು ಆಮೇಲೆ ಸ್ವಂತ ಮನೆಯಲ್ಲಿ ಕಳ್ಳನ ಹಾಗೆ ತುದಿಗಾಲಲ್ಲಿ ನಡೆದ.

ಲಾಂಡ್ರಿಯಲ್ಲಂತೂ ಕೇಳುವುದೇ ಬೇಡ. ನಾದಿನಿ ಬಾಗಿಲಲ್ಲೇ ಕಾದಿದ್ದಳು. "ಇವತ್ತು ನೀವು ಒದ್ದೆ ಬಟ್ಟೆ ಮುಟ್ಟೋ ಹಾಗಿಲ್ಲ ಅತ್ತಿಗೆ. ಅಲ್ಲಿ ಸ್ಟೂಲಿನ ಮೇಲೆ ಕೂತು ದಿಂಬಿನ ಕವರು ಮಡಿಸಿ. ಅದೂ ಚಿಕ್ಕವು." ಪಟ್ಟಿ ಗುಂಯ್ ಎಂದು ಬಿಗಿಯತೊಡಗಿದರೆ ಸಾಕು, ಅವಳ ಕೈಯಲ್ಲಿದ್ದದ್ದನ್ನು ಯಾರೋ ಕಿತ್ತುಕೊಳ್ಳುವರು. ಸುತ್ತಲಿನವರೂ ಮಕ್ಕಳಾಟದಲ್ಲಿ ಕಲ್ಲಾಗುವ ಹಾಗೆ ನಿಂತಲ್ಲೇ ನಿಂತುಬಿಡುವರು. "ನೀವ್ಯಾಕ್ರೇ ನಿಲ್ತೀರಿ? ಕೈ ನಂದು" ಎಂದರೆ, "ನಾವು ಅಲ್ಲಾಡಿದ್ರೆ ನಿಮಗೆ ನಗು ಬರುತ್ತಲ್ಲ" ಎನ್ನುವರು. ಮೇಸ್ತ್ರಿಯೂ ಆ ದಿನ ಬೈಗುಳವನ್ನೆಲ್ಲ ಒಳಗೇ ನುಂಗಿಕೊಂಡ.

ಯಂತ್ರ ಬಿಚ್ಚಿ ಕಂಪ್ಯೂಟರಿಗೆ ಜೋಡಿಸಿ ನೋಡಿದ ಡಾಕ್ಟರಮ್ಮ ಹುಬ್ಬೇರಿಸಿದರು. "ಚೆನ್ನಾಗೇ ಇದೆಯಲ್ಲ! ರಾತ್ರಿ ಎಷ್ಟು ಇಳಿಯಬೇಕೋ ಅಷ್ಟು ಇಳಿದಿದೆ. ನಿಮ್ಮ ಮಾಮೂಲು ದಿನವೇ ತಾನೇ?"

"ಹೂಂ ಡಾಕ್ಟ್ರೇ" ಎಂದಳು ಅತ್ತಿಗೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಕೆಲಸಕ್ಕೆ ಹೋಗಿದ್ದಳು, ಊಟ ಮಾಡಿದ್ದಳು, ಮಲಗಿದ್ದಳು. ಇನ್ನೇನಿರುತ್ತದೆ ದಿನದಲ್ಲಿ? ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಹಾಗೆ ಲಾಂಡ್ರಿಗೆಲ್ಲ ಬಿಸ್ಕತ್ತು ಹಂಚಿದಳು. ಬಾಯ್ಲರಿನ ಮುದುಕ ಎರಡು ತೆಗೆದುಕೊಂಡ.

ಮುಂದಿನ ವಾರ ರಾತ್ರಿ ಪಾಳಿಗಳು ಮತ್ತೆ ಬಂದವು. ರಜೆಯಲ್ಲಿ ಉಳಿದ ಬಾಕಿಯೂ ಸೇರಿ ಒಂದರ ಹಿಂದೊಂದು ಬಂದವು. ಹಾಗೆ ಒಂದು ಪಾಳಿ ಮುಗಿಸಿ ಬೆಳಿಗ್ಗೆ ಮನೆಯ ಮೆಟ್ಟಿಲು ಹತ್ತುತ್ತಿದ್ದಾಗ, ಅರ್ಧದಲ್ಲಿ ಅತ್ತಿಗೆಯ ಉಸಿರು ಕಟ್ಟಿತು. ನೋವೆಂದು ಹೇಳುವ ಹಾಗಿಲ್ಲ. ಬೆನ್ನಿನ ಮೇಲೆ, ಹೆಗಲೆಲುಬುಗಳ ನಡುವೆ, ಯಾರೋ ಒದ್ದೆ ಬಟ್ಟೆಯ ಗಂಟು ಇಟ್ಟ ಹಾಗೆ ಭಾರ. ದವಡೆಯಲ್ಲೊಂದು ಬಿಗಿತ. ಕೈಚೀಲ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತಳು. ಕೂತ ಮೇಲೆ ನಿಧಾನವಾಗಿ ಇಳಿಯಿತು.

ಸೊಸೆ ಬಂದದ್ದನ್ನು ಕಿಟಕಿಯಿಂದ ನೋಡಿ, ಬಾಗಿಲಿಗೆ ಬರದಿದ್ದದ್ದನ್ನೂ ಗಮನಿಸಿದ ಅಜ್ಜಿ ಗೋಡೆ ಹಿಡಿದುಕೊಂಡು ಇಳಿದು ಬಂದಳು. ಮಂಡಿನೋವಿನ ಮುದುಕಿ ಯಾರಿಗಾಗಿಯೂ ಆ ಮೆಟ್ಟಿಲು ಇಳಿಯದೆ ವರ್ಷವಾಗಿತ್ತು.

"ಏನಾಯ್ತೇ?"

"ಏನಿಲ್ಲ ಅತ್ತೆ. ಸುಸ್ತು. ಮಿಷನ್ನೇ ಹೇಳಿದೆಯಲ್ಲ, ಎಲ್ಲ ಚೆನ್ನಾಗಿದೆ ಅಂತ."

ಅಜ್ಜಿ ಒಂದು ಮೆಟ್ಟಿಲು ಮೇಲೆ ಕೂತು ಸೊಸೆಯ ಮುಖವನ್ನು ನೋಡಿದಳು. ಬೆವರಿತ್ತು, ಬಣ್ಣ ಬೂದಿಯಾಗಿತ್ತು. "ಆ ಮಿಷನ್ ಏನು ನೋಡ್ತು ಮಾರಾಯ್ತಿ? ನೀನು ನಿದ್ದೆ ಮಾಡಿ ಎದ್ದಿದ್ದನ್ನ ನೋಡ್ತು. ನನ್ನ ಮಗ ತುದಿಗಾಲಲ್ಲಿ ನಡೆದಿದ್ದನ್ನ ನೋಡ್ತು. ನೆಂಟರು ಬಂದ ದಿನದ ಮನೆ ನೋಡಿ, ಈ ಮನೆ ದಿನಾ ಹಿಂಗೇ ಇರುತ್ತೆ ಅಂತ ಬರೆದುಕೊಟ್ಟಿದೆ. ನಾವೆಲ್ಲ ಸೇರಿ ಆ ಡಾಕ್ಟರಿಗೆ ಟೋಪಿ ಹಾಕಿದ್ವಿ. ಏಳು, ಈಗಲೇ ಹೋಗೋಣ."

ಅತ್ತಿಗೆ ಏಳಲಿಲ್ಲ. ಮುದುಕಿ ಹೇಳಿದ್ದು ಸರಿಯೆಂದು ಅವಳಿಗೆ ಕೂಡಲೇ ಹೊಳೆದಿತ್ತು, ಅದಕ್ಕೇ ಏಳಲಿಲ್ಲ. ಆ ಒಂದು ಒಳ್ಳೆಯ ವರದಿಯ ಹಿಂದೆ ಬಚ್ಚಿಟ್ಟುಕೊಂಡು ಇನ್ನೂ ಸ್ವಲ್ಪ ದಿನ ಹೀಗೇ ನೂಕಬಹುದಿತ್ತು.

"ಹೋದ್ರೆ ನೈಟು ಬಿಡಿ ಅಂತಾರೆ ಅತ್ತೆ. ನಾನು ನೈಟು ಬಿಟ್ರೆ ಅವಳೇ ಮಾಡಬೇಕು. ಆಗ ರಾತ್ರಿ ಪುಟ್ಟಿ ಹತ್ರ ಯಾರಿರ್ತಾರೆ? ಅವಳು ಕೆಲಸಾನೇ ಬಿಡಬೇಕಾಗುತ್ತೆ."

ಮಗಳ ಹೆಸರಿಲ್ಲದೆ ಮಗಳ ಮಾತು ಆ ಮೆಟ್ಟಿಲ ಮೇಲೆ ಬಂದು ಕೂತಿತ್ತು. ಮುದುಕಿ ಸೊಸೆಯ ರಟ್ಟೆ ಹಿಡಿದಳು.

"ಅವಳು ನಾನು ಹೆತ್ತ ಮಗಳು. ಅವಳ ನೈಟು ನನ್ನ ತಲೆನೋವಾಗಬೇಕೇ ಹೊರತು ನಿನ್ನ ಎದೆನೋವಲ್ಲ. ಏಳು. ನೀನು ಏಳದಿದ್ರೆ ಇಲ್ಲೇ ಕೂಗಿ ಕಟ್ಟಡದವರನ್ನೆಲ್ಲ ಸೇರಿಸ್ತೀನಿ. ನನ್ನ ಗಂಟಲು ನಿನಗೆ ಗೊತ್ತಲ್ಲ?"

ಆ ಗಂಟಲು ಅತ್ತಿಗೆಗೆ ಚೆನ್ನಾಗಿ ಗೊತ್ತಿತ್ತು. ಎದ್ದಳು.

ಡಾಕ್ಟರಮ್ಮ ಕೂಡಲೇ ಇ.ಸಿ.ಜಿ. ತೆಗೆದರು, ರಕ್ತ ಪರೀಕ್ಷೆ ಮಾಡಿಸಿದರು. ಹೃದಯಕ್ಕೆ ಇನ್ನೂ ಯಾವ ಪೆಟ್ಟೂ ಬಿದ್ದಿಲ್ಲವೆಂದು ಖಚಿತವಾದ ಮೇಲೆಯೇ ಕುರ್ಚಿಗೆ ಒರಗಿದರು. "ಹೆಂಗಸರಿಗೆ ಯಾವಾಗಲೂ ಎದೆಯಲ್ಲೇ ನೋವು ಬರಬೇಕು ಅಂತಿಲ್ಲ. ಬೆನ್ನು, ದವಡೆ, ಬರೀ ಸುಸ್ತು, ಹೀಗೂ ಬರುತ್ತೆ. ಬಂದಿದ್ದು ಒಳ್ಳೇದಾಯ್ತು. ಆದರೆ ಆ ಯಂತ್ರ ಯಾಕೆ ಏನೂ ಹೇಳಲಿಲ್ಲ ಅನ್ನೋದು ನನಗೆ ಅರ್ಥವಾಗ್ತಿಲ್ಲ."

ಅಜ್ಜಿ ಗಂಟಲು ಸರಿಮಾಡಿಕೊಂಡದ್ದನ್ನು ನೋಡಿ ಅತ್ತಿಗೆ ತಾನೇ ಹೇಳಿಬಿಟ್ಟಳು. ರಜೆ ಹಾಕಿ ಮಲಗಿದ್ದು, ದಿಂಬಿನ ಕವರು, ಕಲ್ಲಾಗಿ ನಿಂತ ಹೆಂಗಸರು, ಗಂಡನ ತುದಿಗಾಲು. ಡಾಕ್ಟರಮ್ಮ ಮೊದಲು ಕೋಪ ಮಾಡಿಕೊಳ್ಳಲು ನೋಡಿದರು, ತುದಿಗಾಲಿನ ಹತ್ತಿರ ಬರುವಾಗ ನಕ್ಕುಬಿಟ್ಟರು.

"ನಿಮ್ಮ ಕಡೆಯವರಿಗೆಲ್ಲ ನಿಮ್ಮ ಮೇಲೆ ಎಷ್ಟು ಪ್ರೀತಿ ಅಂತ ಗೊತ್ತಾಯ್ತು ಬಿಡಿ. ಆದರೆ ಒಂದು ಮಾತು. ಆ ವರದಿ ಪೂರ್ತಿ ದಂಡವಾಗಲಿಲ್ಲ. ನಿದ್ದೆ ಸಿಕ್ಕಿದರೆ, ಭಾರ ಇಳಿಸಿದರೆ, ನಿಮ್ಮ ಮೈ ತಾನಾಗೇ ಸರಿದಾರಿಗೆ ಬರುತ್ತೆ ಅಂತ ಅದು ತೋರಿಸಿದೆ. ಎಷ್ಟೋ ಜನರಲ್ಲಿ ಅದೂ ಉಳಿದಿರಲ್ಲ. ಈಗ ನಿಜವಾದ್ದು ನೋಡೋಣ. ಎರಡು ದಿನ ಸುಧಾರಿಸಿಕೊಳ್ಳಿ. ಆಮೇಲೆ ರಾತ್ರಿ ಪಾಳಿಗೇ ಕಟ್ಟಿಕೊಂಡು ಹೋಗಿ. ಮತ್ತೆ ಹೀಗಾದರೆ ಅಲ್ಲಿಂದಲೇ ಎದ್ದು ಬರಬೇಕು, ಯಾರ ಮುಖವನ್ನೂ ನೋಡಬಾರದು."

ಎರಡನೆಯ ಸಲ ಅತ್ತಿಗೆ ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದಳು: ಯಾರೂ ಸಹಾಯಕ್ಕೆ ಬರಕೂಡದು. ಲಾಂಡ್ರಿಯ ಹೆಂಗಸರಿಗೆ ಅಷ್ಟು ಕಷ್ಟದ ರಾತ್ರಿ ಇನ್ನೊಂದಿರಲಿಲ್ಲವಂತೆ. ಪಟ್ಟಿ ಬಿಗಿದಾಗ ಅವಳು ತಾನೇ ಉರುಳೆ ನಿಲ್ಲಿಸಿ ಕೈ ಇಳಿಬಿಟ್ಟು ನಿಲ್ಲುವುದನ್ನು ನೋಡುತ್ತಾ ಅವರು ತಮ್ಮ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡಿದ್ದರಂತೆ.

ಈ ಸಲ ಡಾಕ್ಟರಮ್ಮ ಕಂಪ್ಯೂಟರನ್ನು ಅವಳ ಕಡೆಗೂ ತಿರುಗಿಸಿದರು. ಮೊದಲ ಸಲದ ಗೆರೆ ರಾತ್ರಿಯ ಹೊತ್ತಿಗೆ ಬೆಟ್ಟದಿಂದ ಬಯಲಿಗೆ ಇಳಿದಂತೆ ಇಳಿದಿತ್ತು. ಈ ಗೆರೆ ಬೆಟ್ಟದ ಮೇಲೇ ಉಳಿದಿತ್ತು. "ಇದು ನೀವು ಮನೆಗೆ ಬಂದು ಮಲಗಿದ ಹೊತ್ತು. ಮಲಗಿದ್ದೀರಿ, ಆದರೆ ನಿಮ್ಮ ಎದೆ ಇನ್ನೂ ಉರುಳೆ ಮುಂದೆ ನಿಂತಿದೆ." ಮಾತ್ರೆ ಬರೆದರು. ಸದ್ಯಕ್ಕೆ ಕೆಲವು ತಿಂಗಳು ರಾತ್ರಿ ಬೇಡವೇ ಬೇಡ ಎಂದು ಚೀಟಿ ಬರೆದರು. ಆಮೇಲೂ ತನ್ನ ಪಾಲಿನ ರಾತ್ರಿಗಳಷ್ಟೇ. ಬೆಳಗಿನದಾದ ಮೇಲೆ ಮಧ್ಯಾಹ್ನದ್ದು, ಅದಾದ ಮೇಲೆ ರಾತ್ರಿಯದು, ಹೀಗೆ ಮುಂದಕ್ಕೆ ಹೋಗಬೇಕು. ಒಮ್ಮೆ ಇದು ಒಮ್ಮೆ ಅದು ಎಂದು ಮೈಯನ್ನು ಗೊಂದಲ ಮಾಡಬಾರದು. "ಇದು ನಿಮಗೊಬ್ಬರಿಗೇ ಅಲ್ಲ. ಅಲ್ಲಿರೋ ಎಲ್ಲ ಹೆಂಗಸರನ್ನೂ ಒಂದು ಸಲ ಬಿ.ಪಿ. ತೋರಿಸೋಕೆ ಕಳಿಸಿ. ಸಿಂಗಾರ ಮಾಡಿಕೊಳ್ಳದೆ."

ಉಳಿದದ್ದು ನಾದಿನಿಗೆ ಹೇಳುವುದು. ಮಧ್ಯಾಹ್ನದ ಶಿಫ್ಟಿನಲ್ಲಿ ಇಬ್ಬರೂ ಉರುಳೆಯ ಆಚೆ ಬದಿ ಮಡಿಸಲು ನಿಂತಿದ್ದಾಗ ಅತ್ತಿಗೆ ಹೇಳಿದಳು. ನಾದಿನಿಯ ಕೈ ನಿಂತಿತು. ಬಿಸಿ ಬಟ್ಟೆ ನೆಲದ ಮೇಲೆ ಬೀಳತೊಡಗಿತು.

"ನನ್ನಿಂದ" ಎಂದಳು ನಾದಿನಿ.

"ನೀನೊಬ್ಬಳೇ ಅಂತ ಯಾಕೆ ಜಂಬ? ಕೇಳಿದವರಿಗೆಲ್ಲ ಹೂಂ ಅಂದೆ. ಯಾರಾದ್ರೂ ಅತ್ತಿಗೆ ಅಂದ್ರೆ ಸಾಕು, ಬಾಯಿ ತಾನೇ ಹೂಂ ಅನ್ನುತ್ತೆ. ಆ ಬಟ್ಟೆ ಎತ್ತು, ಮೇಸ್ತ್ರಿ ನೋಡ್ತಾನೆ."

"ನೋಡ್ಲಿ ಬಿಡಿ! ಒಂದು ಮಾತು ಹೇಳೋಕೆ ಆಗಲಿಲ್ವಾ ನಿಮಗೆ? ನಿಮಗೇನಾದ್ರೂ ಆಗಿದ್ದಿದ್ರೆ ನಾನು ಅಣ್ಣನ ಮುಖ ಹೇಗೆ ನೋಡ್ತಿದ್ದೆ?" ಕಣ್ಣು ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಯಾವುದೋ ಆಸ್ಪತ್ರೆಯ ಹಾಸಿಗೆ ಬಟ್ಟೆ. ಅದನ್ನು ಮತ್ತೆ ಒಗೆಯಲು ಎಸೆದಳು.

ಸದ್ದು ಕೇಳಿ ಉಳಿದವರೂ ಸೇರಿದರು. ಒಬ್ಬೊಬ್ಬರೂ ತಾವು ಕೊಟ್ಟ ನೈಟುಗಳನ್ನು ಮನಸ್ಸಿನಲ್ಲೇ ನೆನೆಯುತ್ತಿದ್ದರು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಚಹಾದ ಹೊತ್ತಿಗೆ ಅವರೇ ಅತ್ತಿಗೆಯನ್ನೂ ಕರೆದುಕೊಂಡು ಹೋಗಿ ಮೇಸ್ತ್ರಿಯನ್ನು ಸುತ್ತುವರಿದರು. ಡಾಕ್ಟರಮ್ಮ ಹೇಳಿದ ಸರದಿಯಲ್ಲೇ ಶಿಫ್ಟು ಹಾಕಬೇಕು, ತೀರಾ ಅನಿವಾರ್ಯವಾದರೆ ಬದಲಿ, ಅದೂ ಒಬ್ಬರ ಮೇಲೇ ಹೇರುವಂತಿಲ್ಲ. ಮೇಸ್ತ್ರಿ, "ಆಗಲಿ ಕಣ್ರಮ್ಮಾ, ಆಗಲಿ. ನನ್ನ ಹೆಂಡತೀನೂ ಹೀಗೇ ನಿಂತು ಕೇಳ್ತಾಳೆ, ಅವಳಿಗೂ ನಾನು ಆಗಲಿ ಅಂತಲೇ ಅನ್ನೋದು" ಎಂದು ತಪ್ಪಿಸಿಕೊಳ್ಳಲು ನೋಡಿದ. ಬಾಯ್ಲರಿನ ಮುದುಕ ಬಾಗಿಲಿಗೆ ಅಡ್ಡ ನಿಂತ. ಕೊನೆಗೆ ಮೇಸ್ತ್ರಿ ಮುಂದಿನ ತಿಂಗಳಿಂದ ಎಂದು ಒಪ್ಪಿದ.

ನಾದಿನಿ ಮಾತ್ರ ಉರುಳೆಯ ಬಳಿಯೇ ಇದ್ದಳು. ಅತ್ತಿಗೆ ತಿರುಗಿ ಬಂದಾಗ ಮುಖವೆತ್ತದೆ ಹೇಳಿದಳು. "ನನ್ನ ನೈಟು ನಾನೇ ಮಾಡ್ತೀನಿ. ಪುಟ್ಟೀನ ಆವಾಗ..." ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ನೀವೇ ಅಮ್ಮನ ಹತ್ರ ಒಂದು ಮಾತು ಕೇಳಿ ಅತ್ತಿಗೆ. ನಾನು ಕೇಳಿದೆ ಅಂತ ಹೇಳಬೇಡಿ. ನಿಮಗೇ ಹೊಳೆಯಿತು ಅನ್ನೋ ಹಾಗೆ."

ಅತ್ತಿಗೆಯ ಬಾಯಿಗೆ ಹೂಂ ಬಂದೇಬಿಟ್ಟಿತ್ತು. ಮುದುಕಿಗೆ ಯಾವ ಹೊತ್ತಿನಲ್ಲಿ, ಯಾವ ಮಾತಿನ ನಡುವೆ ತೂರಿಸಿ ಹೇಳಬೇಕು ಎನ್ನುವುದೂ ಆಗಲೇ ತಲೆಯಲ್ಲಿ ಸಿದ್ಧವಾಗುತ್ತಿತ್ತು. ಅದರ ಜೊತೆಗೇ ಎದೆ ಒಮ್ಮೆ ಜೋರಾಗಿ ಬಡಿದುಕೊಂಡದ್ದೂ ತಿಳಿಯಿತು. ಯಂತ್ರ ಕಟ್ಟದೆಯೇ ತಿಳಿಯಿತು.

"ಇಲ್ಲ ಕಣೇ" ಎಂದಳು. "ಈ ಸಲ ನೀನೇ ಕೇಳು."

ನಾದಿನಿ ತಲೆಯೆತ್ತಿ ಅವಳನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಅತ್ತಿಗೆಯ ಬಾಯಲ್ಲಿ ಆ ಮಾತು ಕೇಳಿದವರಿರಲಿಲ್ಲ. ಅತ್ತಿಗೆಗೂ ತನ್ನ ದನಿ ಬೇರೆ ಯಾರದೋ ಅನ್ನಿಸಿತು. ಮೆತ್ತಗಾಗಿ, "ಬೈದ್ರೆ ನನ್ನ ಹತ್ರ ಬಂದು ಅಳು, ಬೇಡ ಅನ್ನಲ್ಲ. ಆದರೆ ಕೇಳೋದು ನೀನು" ಎಂದು ಸೇರಿಸಿದಳು.

ವಾರವೆಲ್ಲ ಏನೂ ಆಗಲಿಲ್ಲ. ಅಜ್ಜಿಯೂ ಏನೂ ಕೇಳಲಿಲ್ಲ. ಆದರೆ ಸಂಜೆಯ ಹೊತ್ತು ಕಾರಣವಿಲ್ಲದೆ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಮಧ್ಯೆ ನಿಂತು ಇಬ್ಬರನ್ನೂ ಸುಮ್ಮನೆ ನೋಡುವುದು, ಎರಡು ನೈಟಿಗಿಂತ ಕಷ್ಟದ ಕೆಲಸವೆಂದು ಅತ್ತಿಗೆಗೆ ಅನ್ನಿಸಿತು. ಎಷ್ಟೋ ಸಲ ಬಾಯಿ ತೆರೆದಳು. ತೆರೆದ ಬಾಯಿಗೆ ಮಾತ್ರೆ ಹಾಕಿಕೊಂಡು ನೀರು ಕುಡಿದಳು.

ನಾದಿನಿಯ ಮೊದಲ ರಾತ್ರಿ ಪಾಳಿಯ ದಿನ, ಇನ್ನೂ ದೀಪ ಹಾಕದ ಹೊತ್ತಿನಲ್ಲಿ, ಬಾಗಿಲು ಬಡಿದ ಸದ್ದಾಯಿತು. ತೆಗೆದವಳು ಅಜ್ಜಿಯೇ. ಹೊರಗೆ ನಾದಿನಿ, ಒಂದು ಕೈಯಲ್ಲಿ ಪುಟ್ಟಿ, ಇನ್ನೊಂದು ಕಂಕುಳಲ್ಲಿ ಸಣ್ಣ ದಿಂಬು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು ಮುಖದಲ್ಲೇ ಕಾಣುತ್ತಿತ್ತು.

"ಅಮ್ಮ, ನಾನು ಕೇಳೋಕೆ ಬಂದೆ. ರಾತ್ರಿ ಹೊತ್ತು ಪುಟ್ಟೀನ..."

ಅಜ್ಜಿ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಾನು ಆಗಲೇ ಹೇಳಿದ್ದೆ" ಎಂಬ ಆ ಹಳೆಯ ಮಾತು ಮುದುಕಿಯ ತುಟಿಯವರೆಗೆ ಬಂದು ನಿಂತದ್ದು ಒಳಗಿದ್ದ ಅತ್ತಿಗೆಗೆ ಕಂಡಿತು. ಮುದುಕಿ ಅದನ್ನು ನುಂಗಿದಳು.

"ದಿಂಬು ಯಾಕೆ ತಂದೆ? ಈ ಮನೇಲಿ ದಿಂಬಿಗೆ ಬರಗಾಲ ಬಂದಿದೆಯಾ?" ಎಂದು ಕೇಳಿ, ಪುಟ್ಟಿಯ ಕೈ ಹಿಡಿದು ಒಳಗೆ ಎಳೆದುಕೊಂಡಳು.

"ಅದಿಲ್ದೆ ಅವಳಿಗೆ ನಿದ್ದೆ ಬರಲ್ಲಮ್ಮ" ಎಂದಳು ನಾದಿನಿ.

"ಬರುತ್ತೆ. ನಿನಗೂ ಹಿಂಗೇ ಬರ್ತಿರಲಿಲ್ಲ. ಬಂತು."

ಅತ್ತಿಗೆ ಎದ್ದು ಹೋಗಿ ಏನಾದರೂ ಹೇಳಬೇಕೆಂದುಕೊಂಡಳು. ಹೇಳಬೇಕಾದ್ದು ಏನೂ ಇರಲಿಲ್ಲ. ಅವತ್ತು ಬೆಳಗಿನ ಶಿಫ್ಟು ಮುಗಿಸಿ ಬಂದಿದ್ದಳು, ನಾಳೆಯೂ ಬೆಳಗಿನದೇ. ಕೋಣೆಗೆ ಹೋಗಿ ಮಲಗಿದಳು. ಹೊರಗೆ ತಾಯಿ ಮಗಳ ಮಾತು ಏರತೊಡಗಿತು. ಮಗುವನ್ನು ಗೋಡೆಯ ಕಡೆ ಮಲಗಿಸಬೇಕೆಂದು ಒಬ್ಬಳು, ಗೋಡೆ ತಣ್ಣಗಿರುತ್ತದೆ ಬೇಡವೆಂದು ಇನ್ನೊಬ್ಬಳು. "ನನಗೆ ಮಕ್ಕಳನ್ನ ಮಲಗಿಸೋಕೆ ಬರಲ್ವಾ?" "ಹಾಗಲ್ಲಮ್ಮ, ಒಂದು ನಿಮಿಷ ಕೇಳು." "ನೀನು ಕೇಳು ಮೊದಲು. ಹೊತ್ತಾಯ್ತು, ಉಂಡು ಹೋಗ್ತೀಯೋ ಹಾಗೇ ಹೋಗ್ತೀಯೋ?" ನಡುವೆ ಪುಟ್ಟಿ ಅಡ್ಡಬಾಯಿ ಹಾಕಿ ತಾನು ಮಧ್ಯದಲ್ಲಿ ಮಲಗುತ್ತೇನೆ ಎಂದಳು. ಅಲ್ಲಿ ಮಧ್ಯವೇ ಇಲ್ಲ, ಇರುವವಳು ಅಜ್ಜಿಯೊಬ್ಬಳೇ ಎಂದು ತಿಳಿಸಿ ಹೇಳಲು ಇಬ್ಬರೂ ಒಟ್ಟಿಗೇ ಬಾಯಿ ತೆಗೆದರು.

ಹೋಗಿ ಇಬ್ಬರಿಗೂ ಒಪ್ಪುವ ಮಾತು ಹೇಳಲೋ ಎಂದು ಅತ್ತಿಗೆಯ ಕಾಲು ಒಮ್ಮೆ ಹೊದಿಕೆಯಿಂದ ಹೊರಗೆ ಬಂತು. ಜಗಳಕ್ಕೆ ಅವಳು ಬೇಕಾಗಿರಲಿಲ್ಲ. ಕಾಲನ್ನು ಒಳಗೆ ಎಳೆದುಕೊಂಡು ಮಗ್ಗುಲು ಬದಲಿಸಿದಳು. ಗೋಡೆಯ ವಿಷಯ ಇನ್ನೂ ತೀರ್ಮಾನವಾಗುವ ಮೊದಲೇ ಅವಳಿಗೆ ನಿದ್ದೆ ಹತ್ತಿತು.